ಎಐ 4083: ಐಟಿಓ ಗಾಜಿನ ಒರಟು ಮುಚ್ಚುವ ನೀಲಿ ದ್ರಾವಣದ ವಿಮರ್ಶೆ

ಐಟಿಓ ಗಾಜಿನ (ಕರೆಂಟ್ ಹರಿಸುವ ಪಾರದರ್ಶಕ ಲೇಪನವಿರುವ ಗಾಜು) ಮೇಲೆ ಆರ್ಗ್ಯಾನಿಕ್ ಎಲ್‌ಇಡಿಯನ್ನೋ ಸೋಲಾರ್ ಸೆಲ್ಲನ್ನೋ ಮಾಡುವ ಲ್ಯಾಬ್ ನಿಮ್ಮದಾಗಿದ್ದರೆ ಹೆರೇಯಸ್ ಕಂಪನಿಯ ಕ್ಲೆವಿಯೋಸ್ ಪಿ ವಿಪಿ ಎಐ 4083 ಅನ್ನುವ ನೀಲಿ ದ್ರಾವಣದ ಬಾಟಲಿಯೊಂದನ್ನು ಕಣ್ಣು ಮುಚ್ಚಿ ತರಿಸಿಕೊಳ್ಳಿ. ಆದರೆ ಇದನ್ನು ಹಚ್ಚಿಬಿಟ್ಟರೆ ಕೆಟ್ಟ ಗಾಜೂ ಒಳ್ಳೆಯದಾಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅವಸರದಲ್ಲಿರುವವರಿಗೆ ಇಷ್ಟು ಸಾಕು. ಇಂಡೆಂಟ್ ಹಾಕುವ ಮುಂಚೆ ಹತ್ತು ಸಲ ಯೋಚಿಸಬೇಕಾದ, ಸ್ಟೋರ್ಸಿನವರ ಪ್ರಶ್ನೆಗಳಿಗೆಲ್ಲ ಉತ್ತರ ಕೊಡಬೇಕಾದ ನನ್ನಂಥವರಿಗೆ ಮಾತ್ರ ಮುಂದಿನದ್ದು.

ನಾನು ವಿಜ್ಞಾನಿಯಲ್ಲ. ಒಂದು ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗದ ಲ್ಯಾಬಿನಲ್ಲಿ ಟೆಕ್ನಿಕಲ್ ಅಸಿಸ್ಟೆಂಟ್. ಕೊಟೇಶನ್ ತರಿಸುವುದು, ಬಂದ ಪೆಟ್ಟಿಗೆ ಒಡೆಯುವುದು, ಸ್ಟಾಕ್ ರಿಜಿಸ್ಟರಿಗೆ ಏರಿಸುವುದು, ಗಾಜನ್ನು ಗಿರ್ರನೆ ತಿರುಗಿಸಿ ದ್ರಾವಣ ಹರಡುವ ಸ್ಪಿನ್ ಕೋಟರಿನ ಬಟ್ಟಲು ತೊಳೆಯುವುದು, ಎಂಎಸ್ಸಿ ಮಕ್ಕಳಿಗೆ ಎಎಫ್‌ಎಂ (ಚೂಪು ಮೊನೆಯಿಂದ ಮೇಲ್ಮೈ ತಡವಿ ಏರಿಳಿತ ಅಳೆಯುವ ಯಂತ್ರ) ಹಿಡಿಯಲು ಕಲಿಸುವುದು, ಇವೆಲ್ಲ ನನ್ನ ಕೆಲಸ. ಪೇಪರಿನಲ್ಲಿ ನನ್ನ ಹೆಸರು ಬರುವುದು ಕೊನೆಯ ಪ್ಯಾರಾದ ಧನ್ಯವಾದದಲ್ಲಿ, ಅದೂ ನೆನಪಾದರೆ. ಆದರೆ ಡಿವೈಸ್ ಹತ್ತಿಕೊಳ್ಳದಿದ್ದಾಗ ಮೊದಲು ಕರೆ ಬರುವುದು ನನಗೇ. ಹಾಗಾಗಿ ಯಾವ ಸರಕು ಎಷ್ಟು ನಯ, ಯಾವುದರ ನಯ ಬರೀ ಕಾಗದದ ಮೇಲಿನದ್ದು ಅನ್ನುವುದು ಅನುಭವದಿಂದ ಗೊತ್ತಾಗಿದೆ.

ಈ ನಯದ ಹುಚ್ಚು ಯಾಕೆ ಅಂತ ಸ್ಟೋರ್ಸಿನ ಮೇಡಂ ಕೇಳಿದ್ದರು. ಅವರಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. 1987ರಲ್ಲಿ ಈಸ್ಟ್‌ಮನ್ ಕೊಡಾಕ್ ಕಂಪನಿಯ ಟಾಂಗ್ ಮತ್ತು ವ್ಯಾನ್ ಸ್ಲೈಕ್ ಆರ್ಗ್ಯಾನಿಕ್ ವಸ್ತುವಿನ ಎರಡು ಪದರ ಇಟ್ಟು, 10 ವೋಲ್ಟಿಗಿಂತ ಕಡಿಮೆಯಲ್ಲಿ ಹಸಿರು ಬೆಳಕು ತೆಗೆದು ತೋರಿಸಿದರು. ಇವತ್ತು ನಿಮ್ಮ ಕೈಯಲ್ಲಿರುವ ಓಎಲ್‌ಇಡಿ ಫೋನಿನ ಪರದೆಯೂ ಅದೇ ವಂಶದ್ದು. ಆ ಎರಡು ಪದರ ಸೇರಿಸಿದರೂ ದಪ್ಪ ಸುಮಾರು 135 ನ್ಯಾನೊಮೀಟರ್. ತಲೆಗೂದಲಿನ ದಪ್ಪದ ನೂರರಲ್ಲೊಂದು ಪಾಲೂ ಇಲ್ಲ. ಈಗ ಲೆಕ್ಕ ಹಾಕಿ. 100 ನ್ಯಾನೊಮೀಟರ್ ದಪ್ಪಕ್ಕೆ 5 ವೋಲ್ಟ್ ಕೊಟ್ಟರೆ ಅದು ಮೀಟರಿಗೆ 5 ಕೋಟಿ ವೋಲ್ಟ್ ಆಯಿತು. ಗಾಳಿಯಾದರೆ ಮೀಟರಿಗೆ ಸುಮಾರು 30 ಲಕ್ಷ ವೋಲ್ಟಿಗೇ ಕಿಡಿ ಹಾರಿಸಿಬಿಡುತ್ತದೆ. ಇಂಥ ಕಡೆ ಕೆಳಗಿನ ಗಾಜಿನಿಂದ 40 ನ್ಯಾನೊಮೀಟರ್ ಎತ್ತರದ ಒಂದು ಮುಳ್ಳು ಎದ್ದು ನಿಂತರೆ ಅದರ ನೆತ್ತಿಯ ಮೇಲೆ ಉಳಿಯುವುದು 60 ನ್ಯಾನೊಮೀಟರ್. 5 ಕೋಟಿ ಇದ್ದದ್ದು ಅಲ್ಲಿ 8 ಕೋಟಿ ದಾಟಿತು. ಮುಳ್ಳಿನ ಮೊನೆಗೆ ವಿದ್ಯುತ್ ಕ್ಷೇತ್ರ ಒತ್ತರಿಸಿ ಬರುವುದು ಬೇರೆ. ಕರೆಂಟೆಲ್ಲ ಅದೇ ಜಾಗಕ್ಕೆ ನುಗ್ಗಿ, ಅಲ್ಲೇ ಬಿಸಿಯಾಗಿ, ಸುಟ್ಟು ಒಂದು ಕಪ್ಪು ಚುಕ್ಕೆ. ಮೇಲಿನ ಪದರಗಳನ್ನು ನೀವು ಎಷ್ಟೇ ಮುತುವರ್ಜಿಯಿಂದ ಕೂರಿಸಿರಿ, ಪಿಕ್ಸೆಲ್ ಹೋದ ಹಾಗೇ.

ಅಂದ ಮೇಲೆ ವಿಮರ್ಶೆ ಬಾಟಲಿಯಿಂದ ಅಲ್ಲ, ಗಾಜಿನಿಂದ ಶುರುವಾಗಬೇಕು.

ನಾವು ತರಿಸುವುದು ಇಂಡಿಯಂ ಟಿನ್ ಆಕ್ಸೈಡ್ ಲೇಪಿಸಿದ ಸೋಡಾ ಲೈಮ್ ಗಾಜು. ಲೇಪನದ ವಿದ್ಯುತ್ ತಡೆ ಚೌಕಕ್ಕೆ 10ರಿಂದ 15 ಓಮ್, ದಪ್ಪ 100ರಿಂದ 150 ನ್ಯಾನೊಮೀಟರ್. ಗಾಜಿನ ಮಟ್ಟಿಗೆ ಯೋಚನೆಯಿಲ್ಲ. ಕರಗಿದ ತವರದ ಮೇಲೆ ತೇಲಿಸಿ ಮಾಡುವ ಫ್ಲೋಟ್ ಗಾಜು ತಾನಾಗಿಯೇ ನಯ. ತವರ ಮುಟ್ಟಿದ ಬದಿ ಯಾವುದು ಅಂತ ನೋಡಬೇಕಿದ್ದರೆ 254 ನ್ಯಾನೊಮೀಟರ್ ಯುವಿ ದೀಪ ಹಿಡಿಯಿರಿ, ಆ ಬದಿ ಮಂಜುಮಂಜಾಗಿ ಹೊಳೆಯುತ್ತದೆ. ಮಕ್ಕಳಿಗೆ ತೋರಿಸಲು ಒಳ್ಳೆಯ ಆಟ, ಕನ್ನಡಕ ಹಾಕಿಸಿ. ತೊಂದರೆ ಇರುವುದು ಮೇಲಿನ ಐಟಿಓದಲ್ಲಿ. ಸ್ಪಟರಿಂಗ್‌ನಲ್ಲಿ (ನಿರ್ವಾತದಲ್ಲಿ ಅಯಾನುಗಳಿಂದ ಬಡಿದು ಎಬ್ಬಿಸಿ ಲೇಪಿಸುವ ವಿಧಾನ) ಕೂತ ಐಟಿಓ ಸಣ್ಣ ಸಣ್ಣ ಹರಳುಗಳಾಗಿ ಬೆಳೆಯುತ್ತದೆ. ಅಕ್ಕಪಕ್ಕದ ಹರಳುಗಳಿಗಿಂತ ಬೇರೆ ದಿಕ್ಕಿಗೆ ಮುಖ ಮಾಡಿದ ಒಂದೊಂದು ಹರಳು ಎತ್ತರಕ್ಕೆ ಬೆಳೆದುಬಿಡುತ್ತದೆ. ಮುಳ್ಳು ಅಂದದ್ದು ಇದನ್ನೇ.

ನಮ್ಮ ಡೀಲರನ ಕರಪತ್ರದಲ್ಲಿ ‘ಒರಟುತನ 2 ನ್ಯಾನೊಮೀಟರಿಗಿಂತ ಕಡಿಮೆ’ ಅಂತ ದಪ್ಪ ಅಕ್ಷರದಲ್ಲಿತ್ತು. ಯಾವ ಅಳತೆ, ಆರ್‌ಎಂಎಸ್ಸೋ (ಏರಿಳಿತಗಳ ವರ್ಗಗಳ ಸರಾಸರಿಯ ವರ್ಗಮೂಲ) ಬರೀ ಸರಾಸರಿಯೋ, ಎಷ್ಟು ಜಾಗದಲ್ಲಿ ಅಳೆದದ್ದು, ಅತಿ ಎತ್ತರದ ಶಿಖರ ಎಷ್ಟು, ಒಂದೂ ಇಲ್ಲ. ಫೋನಿನಲ್ಲಿ ಕೇಳಿದರೆ ‘ಮೇಡಂ, ಎಲ್ಲರೂ ಇದನ್ನೇ ತಗೊಳ್ತಾರೆ’ ಅನ್ನುವ ಉತ್ತರ. ಪ್ಯಾಕೆಟ್ ಒಡೆದು ಒಂದು ತುಂಡನ್ನು ಎಎಫ್‌ಎಂ ಕೆಳಗಿಟ್ಟೆ. ಒಂದು ಮೈಕ್ರಾನ್ ಚೌಕದಲ್ಲಿ ನೋಡಿದಾಗ ಆರ್‌ಎಂಎಸ್ 2ಕ್ಕೆ ಹತ್ತಿರ ಬಂತು, ಅಷ್ಟರ ಮಟ್ಟಿಗೆ ಅವನು ಸುಳ್ಳು ಹೇಳಿರಲಿಲ್ಲ. ಅದನ್ನೇ 5 ಮೈಕ್ರಾನಿಗೆ ಹಿಗ್ಗಿಸಿದರೆ 3 ದಾಟಿತು. ಒಂದು ಮೂಲೆಯಲ್ಲಿ ಮೂವತ್ತಕ್ಕೂ ಹೆಚ್ಚು ನ್ಯಾನೊಮೀಟರ್ ಎತ್ತರದ ಬಿಳಿ ಚುಕ್ಕೆ ಒಂದು ತಣ್ಣಗೆ ಕೂತಿತ್ತು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಆರ್‌ಎಂಎಸ್ ಅನ್ನುವ ಅಂಕಿ ಮುಳ್ಳನ್ನು ಹೇಗೆ ನುಂಗಿಹಾಕುತ್ತದೆ ಅನ್ನುವುದನ್ನು ಒಮ್ಮೆ ಕೈಯಾರೆ ಲೆಕ್ಕ ಮಾಡಿ ನೋಡಿದವರು ಮತ್ತೆ ಕರಪತ್ರ ನಂಬುವುದಿಲ್ಲ. ಎಎಫ್‌ಎಂ ಚಿತ್ರದಲ್ಲಿ 512ಕ್ಕೆ 512, ಅಂದರೆ 2,62,144 ಬಿಂದುಗಳು. ಇಡೀ ಮೇಲ್ಮೈಯ ಆರ್‌ಎಂಎಸ್ ಸರಿಯಾಗಿ 2 ನ್ಯಾನೊಮೀಟರ್ ಇದೆ ಅಂದುಕೊಳ್ಳಿ. ಅದರೊಳಗೆ ಬರೀ ನೂರು ಬಿಂದುಗಳಷ್ಟು ಜಾಗ ಹಿಡಿದ, 40 ನ್ಯಾನೊಮೀಟರ್ ಎತ್ತರದ ಒಂದು ಮುಳ್ಳು ಸೇರಿಸಿ. ಹೊಸ ಆರ್‌ಎಂಎಸ್ 2.15. ಅಷ್ಟೇ! ಡಿವೈಸನ್ನು ಕೊಲ್ಲುವ ವಸ್ತು ಚಿತ್ರದೊಳಗೇ ಕೂತಿದ್ದರೂ ಅಂಕಿ ಬದಲಾಗುವುದು ದಶಾಂಶದ ಆಚೆಗೆ. ಅದಕ್ಕೇ ನಮ್ಮ ಮಕ್ಕಳ ನೋಟ್ ಪುಸ್ತಕದಲ್ಲಿ ಆರ್‌ಎಂಎಸ್ ಪಕ್ಕದಲ್ಲಿ ಅತಿ ಎತ್ತರದ ಶಿಖರವನ್ನೂ ಸ್ಕ್ಯಾನಿನ ಅಳತೆಯನ್ನೂ ಬರೆಯದಿದ್ದರೆ ನಾನು ಸಹಿ ಹಾಕುವುದಿಲ್ಲ.

ಇನ್ನು ಬಾಟಲಿಯ ವಿಷಯ.

ಒಳಗಿರುವುದು ಪಿಡಾಟ್ ಪಿಎಸ್‌ಎಸ್. ಕರೆಂಟ್ ಹರಿಸುವ ಪಿಡಾಟ್ ಅನ್ನುವ ಪಾಲಿಮರಿಗೆ ನೀರಿನಲ್ಲಿ ನಿಲ್ಲುವ ತಾಕತ್ತಿಲ್ಲ, ಪಿಎಸ್‌ಎಸ್ ಅನ್ನುವ ಆಮ್ಲ ಪಾಲಿಮರ್ ಅದನ್ನು ಹಿಡಿದುಕೊಂಡು ತೇಲಿಸುತ್ತದೆ. ಜರ್ಮನಿಯ ಬಾಯರ್ ಕಂಪನಿಯಲ್ಲಿ ಹುಟ್ಟಿದ ಸರಕು. ಮೊದಲು ದುಡಿದದ್ದು ಎಲ್‌ಇಡಿಯಲ್ಲಲ್ಲ, ಅಗ್ಫಾದ ಫೋಟೊ ಫಿಲ್ಮಿಗೆ ಸ್ಥಿರ ವಿದ್ಯುತ್ ಹಿಡಿಯದಂತೆ ಲೇಪನವಾಗಿ. ಹಳೆಯ ಪೇಪರುಗಳಲ್ಲಿ ಇದನ್ನೇ ಬೇಟ್ರಾನ್ ಪಿ ಅಂತ ಕರೆದಿರುತ್ತಾರೆ, ಗಾಬರಿ ಬೇಡ. ಎಐ 4083ರಲ್ಲಿ ಒಂದು ಪಾಲು ಪಿಡಾಟಿಗೆ ಆರು ಪಾಲು ಪಿಎಸ್‌ಎಸ್. ಘನ ಪದಾರ್ಥ ಬರೀ 1.3ರಿಂದ 1.7 ಶೇಕಡ, ಉಳಿದದ್ದು ನೀರು. ನೀರಿಗೆ ಇಷ್ಟು ದುಡ್ಡೇ ಅಂತ ಆಡಿಟ್‌ನವರು ಕೇಳಿದ್ದುಂಟು.

ತರಿಸುವಾಗ ನಂಬರ್ ನೋಡಿಕೊಳ್ಳಿ, ಯಾಕೆಂದರೆ ಅಣ್ಣತಮ್ಮಂದಿರು ಇದ್ದಾರೆ. ಪಿಎಚ್ 1000ದಲ್ಲಿ ಪಿಎಸ್‌ಎಸ್ ಎರಡೂವರೆ ಪಾಲು ಮಾತ್ರ, ಅದು ಚೆನ್ನಾಗಿ ಕರೆಂಟ್ ಹರಿಸುವ ಜಾತಿ. ಡಿಎಂಎಸ್‌ಓ ಅನ್ನುವ ದ್ರಾವಕ ಬೆರೆಸಿ ಐಟಿಓದ ಬದಲಿಗೇ ಬಳಸುತ್ತಾರೆ. ಸಿಎಚ್ 8000ದಲ್ಲಿ ಇಪ್ಪತ್ತು ಪಾಲು ಪಿಎಸ್‌ಎಸ್, ಅದರಲ್ಲಿ ಕರೆಂಟ್ ಇನ್ನೂ ಕಷ್ಟಪಟ್ಟು ಹರಿಯುತ್ತದೆ. ನಮ್ಮ ಎಐ 4083 ಇವೆರಡರ ನಡುವಿನದು. ಕರೆಂಟ್ ಕಡಿಮೆ ಹರಿಯುವುದನ್ನು ದೋಷ ಅಂದುಕೊಳ್ಳಬೇಡಿ. ಒಂದೇ ಗಾಜಿನ ಮೇಲೆ ಪಕ್ಕಪಕ್ಕದಲ್ಲಿ ಪಿಕ್ಸೆಲ್ ಇದ್ದಾಗ ಈ ಪದರ ಎಲ್ಲದರ ಮೇಲೂ ಹಾಸಿರುತ್ತದೆ. ಅದು ಚೆನ್ನಾಗಿ ಹರಿಸಿದರೆ ಒಂದು ಪಿಕ್ಸೆಲ್ಲಿನ ಕರೆಂಟ್ ಇನ್ನೊಂದಕ್ಕೆ ಸೋರುತ್ತದೆ. ಲಂಬವಾಗಿ ಮೂವತ್ತು ನಲವತ್ತು ನ್ಯಾನೊಮೀಟರ್ ದಾಟುವಷ್ಟು ಬಂದರೆ ಸಾಕು, ಅಡ್ಡಡ್ಡ ಓಡಬಾರದು. ಅದಕ್ಕೆ ಹೇಳಿ ಮಾಡಿಸಿದ್ದು ಇದು.

ಬಳಸುವ ರೀತಿ ಕಷ್ಟವಿಲ್ಲ, ಆದರೆ ಪ್ರತಿ ಹೆಜ್ಜೆಗೂ ಹಠವಿದೆ. ಗಾಜನ್ನು ಸೋಪು ನೀರು, ಶುದ್ಧ ನೀರು, ಅಸಿಟೋನ್, ಐಸೊಪ್ರೊಪೈಲ್ ಆಲ್ಕೋಹಾಲ್ ಅಂತ ಸರತಿಯಲ್ಲಿ ಸೋನಿಕೇಟರಿಗೆ (ಶಬ್ದದ ಕಂಪನದಿಂದ ಕೊಳೆ ಬಿಡಿಸುವ ತೊಟ್ಟಿ) ಹಾಕಿ ತೊಳೆದು, ಸಾರಜನಕ ಊದಿ ಒಣಗಿಸಿ, ಯುವಿ ಓಜೋನಿನಲ್ಲಿ ಕಾಲು ಗಂಟೆ ಇಡಬೇಕು. ತೊಳೆದದ್ದು ಸರಿಯಾಗಿದೆಯೋ ಅಂತ ನೋಡಲು ಯಂತ್ರ ಬೇಡ. ಒಂದು ಹನಿ ಶುದ್ಧ ನೀರು ಬಿಡಿ. ಹನಿ ಮಣಿಯಾಗಿ ನಿಂತರೆ ಗಾಜು ಇನ್ನೂ ಕೊಳೆ. ಮುಟ್ಟಿದ ಕೂಡಲೇ ಹಾಳೆಯ ಹಾಗೆ ಹರಡಿ ಅಂಚಿನವರೆಗೆ ಓಡಿದರೆ ಸಿದ್ಧ. ಓಜೋನ್ ಆದ ಮೇಲೆ ಮಕ್ಕಳು ಕ್ಯಾಂಟೀನಿಗೆ ಹೋಗಿ ಬಂದು ಹಚ್ಚಿದರೆ ಆ ಗುಣ ಅಷ್ಟಿಷ್ಟು ಇಳಿದಿರುತ್ತದೆ. ಒಣ ಗಾಜು ಅಂತ ಅಸಡ್ಡೆ ಬೇಡ.

ಆಮೇಲೆ ಫಿಲ್ಟರ್. ಬಾಟಲಿಯನ್ನು ಕುಲುಕಬೇಡಿ, ನೊರೆ ಬರುತ್ತದೆ, ನಿಧಾನವಾಗಿ ಹೊರಳಿಸಿ. ಸಿರಿಂಜಿಗೆ ಎಳೆದುಕೊಂಡು 0.45 ಮೈಕ್ರಾನಿನ ಪಿವಿಡಿಎಫ್ ಫಿಲ್ಟರ್ ತಿರುಗಿಸಿ ಹಾಕಿ. ಪ್ಯಾಕೆಟಿನ ಮೇಲೆ ಹೈಡ್ರೋಫಿಲಿಕ್, ಅಂದರೆ ನೀರಿಗೆ ಒಗ್ಗುವಂಥದ್ದು ಅಂತ ಬರೆದಿದೆಯೋ ನೋಡಿ. ನೀರನ್ನು ದೂರ ಇಡುವ ಹೈಡ್ರೋಫೋಬಿಕ್ ಬಂದಿದ್ದರೆ ಹೆಬ್ಬೆರಳು ಕೆಂಪಾಗುವವರೆಗೆ ಒತ್ತಿದರೂ ನೀರಿನ ದ್ರಾವಣ ಇಳಿಯುವುದಿಲ್ಲ. ಫಿಲ್ಟರಿನಿಂದ ಬೀಳುವ ಮೊದಲ ಎರಡು ಮೂರು ಹನಿ ಟಿಶ್ಯೂಗೆ ಹೋಗಲಿ. ಮುಂದಿನದ್ದು ಗಾಜಿನ ಮೇಲೆ. ಶಾಯಿಯಂಥ ಕಡು ನೀಲಿ. ಸ್ಪಿನ್ ಕೋಟರ್ ನಿಮಿಷಕ್ಕೆ 4000 ಸುತ್ತು ತಿರುಗತೊಡಗಿದ ಕೂಡಲೇ ಆ ನೀಲಿಯಲ್ಲಿ ಬಹುಪಾಲು ಬಟ್ಟಲಿನ ಗೋಡೆಗೆ ಸಿಡಿಯುತ್ತದೆ, ಗಾಜಿನ ಮೇಲೆ ಬಣ್ಣದ ಉಂಗುರಗಳು ಒಂದರ ಹಿಂದೊಂದು ಒಳಗಿನಿಂದ ಹೊರಗೆ ಓಡಿ ನಿಂತುಬಿಡುತ್ತವೆ. ಉಳಿಯುವುದು ಇದೆಯೋ ಇಲ್ಲವೋ ಅನ್ನುವಷ್ಟು ತೆಳು ನೀಲಿ, ಸುಮಾರು 35 ನ್ಯಾನೊಮೀಟರ್. ಬಿಳಿ ಹಾಳೆಯ ಮೇಲೆ ಇಟ್ಟು ಓರೆಯಾಗಿ ನೋಡಿದರೆ ಕಾಣುತ್ತದೆ. ಎಲ್ಲಾದರೂ ಧೂಳಿನ ಕಣ ಇದ್ದರೆ ಅಲ್ಲಿಂದ ಅಂಚಿನ ಕಡೆಗೆ ಧೂಮಕೇತುವಿನ ಬಾಲ ಎಳೆದಿರುತ್ತದೆ. ಬಾಲ ಕಂಡ ಗಾಜನ್ನು ಮುಂದಕ್ಕೆ ಕಳಿಸಬೇಡಿ. ನೀರಿನಲ್ಲಿ ತೊಳೆದರೆ ಹೋಗುತ್ತದೆ, ಮತ್ತೆ ಮೊದಲಿಂದ. ಸರಿಯಾದದ್ದಕ್ಕೆ ಕರೆಂಟ್ ಕೊಡುವ ಪಟ್ಟಿಯ ಮೇಲಿನ ಪದರವನ್ನು ಒದ್ದೆ ಹತ್ತಿ ಕಡ್ಡಿಯಿಂದ ಒರೆಸಿ, 150 ಡಿಗ್ರಿ ಬಿಸಿ ತಟ್ಟೆಯ ಮೇಲೆ ಇಟ್ಟು ನೀರು ಓಡಿಸಬೇಕು.

ಈ ಪದರ ಗಾಜನ್ನು ಎಷ್ಟು ನಯ ಮಾಡಿತು? ಅದೇ ಗಾಜು, ಅದೇ 5 ಮೈಕ್ರಾನ್ ಚೌಕ: 3ಕ್ಕಿಂತ ಮೇಲಿದ್ದ ಆರ್‌ಎಂಎಸ್ 1.3ರ ಆಸುಪಾಸಿಗೆ ಇಳಿಯಿತು. ಐಟಿಓದ ಹರಳು ಹರಳಾದ ಚಿತ್ರ ಹೋಗಿ, ಮೆತ್ತಗಿನ, ಅಷ್ಟೇನೂ ಆಕಾರವಿಲ್ಲದ ಉಬ್ಬುತಗ್ಗು ಉಳಿದುಕೊಂಡಿತು. ನೋಡಿದವರೆಲ್ಲ ಖುಷಿ. ಆದರೆ ಎತ್ತರದ ಅಳತೆಗೋಲು ಮೇಲಕ್ಕೆ ಎಳೆದರೆ ಮುಳ್ಳು ಇತ್ತು, ತಗ್ಗಿದ್ದು ಅರ್ಧದಷ್ಟು ಮಾತ್ರ. ಅಂಗಳ ಸಾರಿಸಿದ ಹಾಗೆ ನೋಡಿ. ಸೆಗಣಿ ನೀರು ಸಣ್ಣ ಬಿರುಕು, ಗುಳಿಗಳನ್ನೆಲ್ಲ ತುಂಬಿ ಚೆಂದ ಮಾಡುತ್ತದೆ, ನೆಲದಿಂದ ಎದ್ದ ಕಲ್ಲು ಮಾತ್ರ ಸಾರಿಸಿದ ಮೇಲೂ ಕಾಲಿಗೆ ಎಡವುತ್ತದೆ. ತಿರುಗುವಾಗ ದ್ರವ ಮುಳ್ಳಿನ ನೆತ್ತಿಯಿಂದ ಇಳಿದು ಬುಡಕ್ಕೆ ಸೇರುತ್ತದೆ. 35 ನ್ಯಾನೊಮೀಟರಿನ ಪದರಕ್ಕೆ ಅಷ್ಟೇ ಎತ್ತರದ ಮುಳ್ಳನ್ನು ಮುಳುಗಿಸುವ ಶಕ್ತಿ ಎಲ್ಲಿಂದ ಬರಬೇಕು?

ಎರಡು ಸಲ ಹಚ್ಚಿದರೆ? ಹಚ್ಚಬಹುದು. ಸೋರುವುದು ಕಡಿಮೆಯಾಗುತ್ತದೆ, ಬೆಳಕು ಮತ್ತು ಕರೆಂಟ್ ಎರಡಕ್ಕೂ ಸ್ವಲ್ಪ ತಡೆ ಬೀಳುತ್ತದೆ. ನಮ್ಮಲ್ಲಿ ಎಂಎಸ್ಸಿ ಪ್ರಾಜೆಕ್ಟಿಗೆ ಹಾಗೆ ಮಾಡುತ್ತೇವೆ, ಪಿಎಚ್‌ಡಿಯವರಿಗೆ ಬಿಡುವುದಿಲ್ಲ. ಅವರಿಗೆ ಪಾಲಿಷ್ ಮಾಡಿದ ಐಟಿಓ ತರಿಸುತ್ತೇವೆ. ಲೇಪನದ ಮೇಲೆ ಉಜ್ಜಿ ಮುಳ್ಳು ತೆಗೆದಿರುವ ಈ ಗಾಜಿನಲ್ಲಿ ಆರ್‌ಎಂಎಸ್ ಒಂದಕ್ಕಿಂತ ಕೆಳಗೇ ಸಿಗುತ್ತದೆ. ಬೆಲೆ ಮಾಮೂಲಿಗಿಂತ ಎಷ್ಟೋ ಹೆಚ್ಚು, ಆದರೆ ನೀಲಿ ಬಾಟಲಿಗೆ ಹಾಕುವ ದುಡ್ಡು ಕೆಲಸಕ್ಕೆ ಬರುವುದು ಇಂಥ ಗಾಜಿನ ಮೇಲೆಯೇ. ಬಜೆಟ್ ಒಂದಕ್ಕೇ ಇದ್ದರೆ ಗಾಜಿಗೆ ಹಾಕಿ. ಇದನ್ನು ಹೇಳಿದ್ದಕ್ಕೆ ನಮ್ಮ ಗೈಡ್ ಒಬ್ಬರು ಇನ್ನೂ ನನ್ನ ಮೇಲೆ ಮುನಿಸಿಕೊಂಡಿದ್ದಾರೆ. ಅವರ ಪ್ರಕಾರ ಸಂಶೋಧನೆ ಅಂದರೆ ಹೊಸ ಅಣು, ಗಾಜು ಅಂದರೆ ಗಾಜು.

ಎಎಫ್‌ಎಂ ಬಗ್ಗೆಯೂ ಎರಡು ಮಾತು ಹೇಳದಿದ್ದರೆ ಆಗದು. ಬಿನ್ನಿಗ್, ಕ್ವೇಟ್, ಗರ್ಬರ್ 1986ರಲ್ಲಿ ಈ ಯಂತ್ರ ಕೊಟ್ಟದ್ದರಿಂದಲೇ ನಾವು ನ್ಯಾನೊಮೀಟರ್ ಲೆಕ್ಕದಲ್ಲಿ ಜಗಳ ಆಡುತ್ತಿರುವುದು. ನಾವು ಬಳಸುವ ಮೊನೆ ಬಲ್ಗೇರಿಯಾದ ಬಜೆಟ್‌ಸೆನ್ಸರ್ಸ್ ಕಂಪನಿಯ ಟ್ಯಾಪ್ 300. ಹೆಸರಿನಲ್ಲೇ ಬಜೆಟ್ ಇರುವುದಕ್ಕೆ ಸ್ಟೋರ್ಸಿನಲ್ಲಿ ಬೇಗ ಪಾಸಾಗುತ್ತದೆ, ತಮಾಷೆಯಲ್ಲ. 300 ಕಿಲೋಹರ್ಟ್ಸ್, ಮೊನೆಯ ದುಂಡು 10 ನ್ಯಾನೊಮೀಟರಿಗಿಂತ ಕಡಿಮೆ. ನಮ್ಮ ಕೆಲಸಕ್ಕೆ ಧಾರಾಳವಾಯಿತು. ಆದರೆ ಯಾವ ಮೊನೆಯಾದರೂ ಸವೆಯುತ್ತದೆ, ಸವೆದ ಮೊನೆ ಸುಳ್ಳು ಹೇಳುತ್ತದೆ. ಅದು ಕಿರಿದಾದ ಕಣಿವೆಯೊಳಗೆ ಇಳಿಯಲಾರದು, ಹಾಗಾಗಿ ಮೇಲ್ಮೈ ನಿಜಕ್ಕಿಂತ ನಯವಾಗಿ ಕಾಣುತ್ತದೆ. ‘ಅಕ್ಕಾ, ಇವತ್ತು ಫಿಲ್ಮ್ ಸೂಪರ್, 0.6 ಬಂತು’ ಅಂತ ಯಾರಾದರೂ ಓಡಿ ಬಂದರೆ ನಾನು ಮೊದಲು ನೋಡುವುದು ಚಿತ್ರದಲ್ಲಿನ ಉಬ್ಬುಗಳೆಲ್ಲ ಒಂದೇ ಆಕಾರದಲ್ಲಿ, ಒಂದೇ ದಿಕ್ಕಿಗೆ ವಾಲಿವೆಯೇ ಅಂತ. ವಾಲಿದ್ದರೆ ಅದು ಫಿಲ್ಮಿನ ಚಿತ್ರವಲ್ಲ, ಮುರಿದ ಮೊನೆಯ ಚಿತ್ರ. ಇನ್ನೊಂದು ಕೈಚಳಕ ಸಾಫ್ಟ್‌ವೇರಿನಲ್ಲಿ ನಡೆಯುತ್ತದೆ. ಜೆಕ್ ದೇಶದ ಮಾಪನ ಸಂಸ್ಥೆಯವರ ಗ್ವಿಡಿಯನ್ ಪುಕ್ಕಟೆ, ಒಳ್ಳೆಯದು, ನಾವೂ ಬಳಸುವುದು ಅದನ್ನೇ. ಆದರೆ ಹಿನ್ನೆಲೆ ತೆಗೆಯುವ ಬಟನ್ ಮೇಲಿಂದ ಮೇಲೆ ಒತ್ತುತ್ತ ಹೋದರೆ ನಿಜವಾದ ಏರಿಳಿತವೂ ಸಪಾಟಾಗಿ ಅಂಕಿ ಇಳಿಯುತ್ತಾ ಬರುತ್ತದೆ. ಎಷ್ಟನೇ ಡಿಗ್ರಿಯ ವಕ್ರ ಕಳೆದಿದ್ದೀರಿ ಅಂತ ಬರೆಯಿರಿ, ಸಾಕು.

ಸರಿಯಾಗಿ ಅಳೆದರೂ ಎಷ್ಟು ಅಳೆದಂತಾಯಿತು? ನಮ್ಮ ಪಿಕ್ಸೆಲ್ 2 ಮಿಲಿಮೀಟರಿಗೆ 2 ಮಿಲಿಮೀಟರ್. ಒಂದು ಸ್ಕ್ಯಾನ್ 5 ಮೈಕ್ರಾನಿಗೆ 5 ಮೈಕ್ರಾನ್. ಇಡೀ ಪಿಕ್ಸೆಲ್ ನೋಡಿ ಮುಗಿಸಬೇಕಾದರೆ 1,60,000 ಸ್ಕ್ಯಾನ್ ಬೇಕು. ಒಂದೇ ಒಂದು ಮುಳ್ಳು ಎಲ್ಲಿ ಬೇಕಾದರೂ ಇರಬಹುದು. ಅದಕ್ಕೇ ನಮ್ಮ ಲ್ಯಾಬಿನಲ್ಲಿ ನಯದ ಕೊನೆಯ ತೀರ್ಪು ಎಎಫ್‌ಎಂನದ್ದಲ್ಲ, ಸೋರಿಕೆ ಕರೆಂಟಿನದ್ದು. ಡಿವೈಸ್ ಮುಗಿದ ಮೇಲೆ ಉಲ್ಟಾ ವೋಲ್ಟೇಜ್ ಕೊಟ್ಟು ಎಷ್ಟು ಕರೆಂಟ್ ಕದ್ದು ಹರಿಯುತ್ತದೆ ಅಂತ ನೋಡುವುದು. ಅಲ್ಲಿ ಇಡೀ ಪಿಕ್ಸೆಲ್ ಒಟ್ಟಿಗೆ ಸಾಕ್ಷಿ ಹೇಳುತ್ತದೆ. ನೀಲಿ ಪದರ ಇರುವ ಗಾಜು ಮತ್ತು ಇಲ್ಲದ ಗಾಜಿನ ನಡುವೆ ವ್ಯತ್ಯಾಸ ಢಾಳಾಗಿ ಕಾಣುವುದೂ ಇಲ್ಲೇ. ಇಲ್ಲದವುಗಳಲ್ಲಿ ಕರೆಂಟ್ ಕುಣಿದಾಡುತ್ತದೆ, ಒಂದು ಪಿಕ್ಸೆಲ್‌ನಂತೆ ಇನ್ನೊಂದಿಲ್ಲ. ಇರುವವುಗಳಲ್ಲಿ ಕೆಳಗಿಳಿದು ಒಂದೇ ಹಾದಿಗೆ ಬರುತ್ತದೆ. ಎಐ 4083ಗೆ ನಾನು ಒಳ್ಳೆಯ ಅಂಕ ಕೊಡುತ್ತಿರುವುದು ಆರ್‌ಎಂಎಸ್ ನೋಡಿ ಅಲ್ಲ, ಇದನ್ನು ನೋಡಿ.

ಈಗ ಗೋಳು. ಇದು ಬಾಟಲಿಯದಲ್ಲ, ತಂದುಕೊಟ್ಟವನದ್ದು. ಹೆಸರು ಹೇಳಿ ಪ್ರಯೋಜನವಿಲ್ಲ. ಈ ದ್ರಾವಣ ಫ್ರಿಜ್ಜಿನ ತಂಪಿನಲ್ಲಿರಬೇಕು, ಹೆಪ್ಪುಗಟ್ಟಲೇಬಾರದು. ಆರ್ಡರಿನಲ್ಲಿ ‘ಐಸ್ ಪ್ಯಾಕ್ ಇಟ್ಟು ಕಳಿಸಿ’ ಅಂತ ಸ್ಪಷ್ಟವಾಗಿ ಬರೆದಿದ್ದೆ. ಪುಣ್ಯಾತ್ಮ ಹೆಚ್ಚು ತಂಪು ಹೆಚ್ಚು ಒಳ್ಳೆಯದು ಅಂದುಕೊಂಡನೋ ಏನೋ, ಡ್ರೈ ಐಸ್ ತುಂಬಿಬಿಟ್ಟಿದ್ದ. ಮೈನಸ್ 78 ಡಿಗ್ರಿ! ಥರ್ಮಾಕೋಲ್ ಡಬ್ಬಿ ಒಡೆದಾಗ ಬಾಟಲಿ ಕಲ್ಲು. ಕರಗಿದ ಮೇಲೆ ನೋಡಲು ಮೊದಲಿನಂತೆಯೇ ನೀಲಿ, ಆದರೆ ಓರೆ ಮಾಡಿದರೆ ಗೋಡೆಗೆ ಲೋಳೆಯಂಥ ಸಣ್ಣ ಚೂರುಗಳು ಅಂಟಿಕೊಂಡು ಉಳಿಯುತ್ತಿದ್ದವು. ಫಿಲ್ಟರಿನಲ್ಲಿ ಒಂದು ಮಿಲಿಲೀಟರ್ ಇಳಿಯುವಷ್ಟರಲ್ಲಿ ಕಟ್ಟಿಕೊಂಡಿತು. ಇಳಿದದ್ದನ್ನು ಹಚ್ಚಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಗಾಜಿನ ತುಂಬ ಗುಳ್ಳೆ ಗುಳ್ಳೆ. ನಯ ಮಾಡಲು ತರಿಸಿದ ಸರಕೇ ಒರಟು ತಂದು ಹಾಕಿತು. ಡೀಲರನಿಗೆ ಫೋಟೊ ಕಳಿಸಿದರೆ ‘ಸೋನಿಕೇಟ್ ಮಾಡಿ ಮೇಡಂ, ಸರಿಹೋಗುತ್ತೆ’ ಅಂದ. ಹೋಗುವುದಿಲ್ಲ. ಒಮ್ಮೆ ಗಂಟು ಕಟ್ಟಿದ ಕಣಗಳನ್ನು ಬಿಡಿಸಿ ಮೊದಲಿನಂತೆ ತೇಲಿಸುವುದು ಲ್ಯಾಬಿನವರ ಕೈಯಲ್ಲಿಲ್ಲ. ಬದಲಿ ಬಾಟಲಿ ಕೊನೆಗೆ ಬಂತು, ಅಷ್ಟರಲ್ಲಿ ಸೆಮಿಸ್ಟರ್ ಮುಗಿದಿತ್ತು. ಅಂದಿನಿಂದ ಪೆಟ್ಟಿಗೆಯನ್ನು ಡೆಲಿವರಿ ಹುಡುಗನ ಎದುರೇ ಒಡೆದು, ಬಾಟಲಿ ಓರೆ ಮಾಡಿ ನೋಡಿ, ಆಮೇಲೆ ಚಲನ್‌ಗೆ ಸಹಿ.

ಸರಕಿನದೇ ಆದ ದೋಷಗಳೂ ಇವೆ, ಲೋಕಕ್ಕೆಲ್ಲ ಗೊತ್ತಿರುವಂಥವು. ಒಂದು, ಇದು ಆಮ್ಲ. ಪಿಎಚ್ ಒಂದು ಎರಡರ ಆಸುಪಾಸು. ನಯ ಮಾಡುತ್ತಲೇ ಕೆಳಗಿನ ಐಟಿಓವನ್ನು ನಿಧಾನಕ್ಕೆ ಕೊರೆಯುತ್ತದೆ. ಹಾಗೆ ಬಿಟ್ಟುಬಂದ ಇಂಡಿಯಂ ಪದರದೊಳಗೆ ಸೇರಿಕೊಳ್ಳುತ್ತದೆ ಅನ್ನುವುದನ್ನು 2000ನೇ ಇಸವಿಯಲ್ಲೇ ತೋರಿಸಿದ್ದಾರೆ. ಇನ್ನೊಂದು, ಪಿಎಸ್‌ಎಸ್‌ಗೆ ನೀರಿನ ದಾಹ. ಮಳೆಗಾಲದಲ್ಲಿ ನಮ್ಮೂರ ಗಾಳಿಯಲ್ಲಿ ಕಾಯಿಸಿದ ಗಾಜನ್ನು ಹೊರಗಿಟ್ಟರೆ ಓಡಿಸಿದ ನೀರೆಲ್ಲ ವಾಪಸ್. ಕಾಯಿಸಿದ ತಕ್ಷಣ ಗ್ಲೋವ್ ಬಾಕ್ಸಿಗೆ (ಹೊರಗಿನ ಗಾಳಿ, ತೇವ ಸೇರದ ಮುಚ್ಚಿದ ಪೆಟ್ಟಿಗೆ) ಸೇರಿಸಿ, ಒಳಗೆ ಮತ್ತೊಮ್ಮೆ ಬಿಸಿ ಮಾಡಿ. ಗ್ಲೋವ್ ಬಾಕ್ಸ್ ಇಲ್ಲದ ಕಾಲೇಜುಗಳಿಗೆ ನಾನು ಹೇಳುವುದು: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಲೈಫ್‌ಟೈಮ್ ಅಳತೆಯ ಗೋಜಿಗೆ ಹೋಗಬೇಡಿ. ನೀಲಿ ಪದರದ ಬದಲಿಗೆ ಮಾಲಿಬ್ಡಿನಂ ಆಕ್ಸೈಡನ್ನು ನಿರ್ವಾತದಲ್ಲಿ ಆವಿ ಮಾಡಿ ಕೂರಿಸುವವರಿದ್ದಾರೆ. ಆಮ್ಲವಿಲ್ಲ, ನೀರಿಲ್ಲ, ಸಂತೋಷ. ಆದರೆ ಅದು ಗುಳಿ ತುಂಬುವುದಿಲ್ಲ, ಕೆಳಗೆ ಹೇಗಿದೆಯೋ ಮೇಲೂ ಹಾಗೇ ಹೊದೆಯುತ್ತದೆ. ಗಾಜು ಒರಟಾಗಿದ್ದರೆ ಒರಟಾಗಿಯೇ ಉಳಿಯುತ್ತದೆ.

ಮೇಲಿನ ಪದರಗಳು ಕೆಟ್ಟರೆ ಅದಕ್ಕೂ ಬಾಟಲಿ ಹೊಣೆಯಲ್ಲ. ಟಿಪಿಡಿ ಅನ್ನುವ ಹಳೆಯ ವಸ್ತುವನ್ನು ಮಕ್ಕಳು ಈಗಲೂ ಕೇಳುತ್ತಾರೆ, ಪುಸ್ತಕದಲ್ಲಿದೆ ಅಂತ. ಕೂರಿಸಿದ ದಿನ ಕನ್ನಡಿಯಂಥ ಫಿಲ್ಮ್. ಆದರೆ ಹರಳಾಗದೆ ಗಟ್ಟಿಯಾಗಿ ಕೂತ ಆ ಫಿಲ್ಮ್ ಸಡಿಲವಾಗತೊಡಗುವ ತಾಪಮಾನ ಬರೀ 65 ಡಿಗ್ರಿ ಸುಮಾರು. ಬೇಸಿಗೆಯ ಕೋಣೆಯಲ್ಲಿ ಕೆಲ ದಿನ ಬಿಟ್ಟು ನೋಡಿದರೆ ಹರಳುಗಟ್ಟಿ ಮಸಕು ಮಸಕು, ಕೆಳಗಿನ ನೀಲಿ ಪದರ ಎಷ್ಟು ನಯವಿದ್ದು ಏನು ಬಂತು? ಅಂಥದ್ದೇ ಬೇರೆ ಪದರ ವಸ್ತುಗಳಾದ ಎನ್‌ಪಿಬಿಗೆ 95ರ ಹತ್ತಿರ, ಆಲ್ಕ್ಯೂ3ಗೆ 170ರ ಮೇಲೆ, ಅವು ತಡೆದುಕೊಳ್ಳುತ್ತವೆ. ಪೆಂಟಾಸೀನ್ ಅನ್ನುವ ಆರ್ಗ್ಯಾನಿಕ್ ವಸ್ತುವಿನ ಟ್ರಾನ್ಸಿಸ್ಟರ್ ಮಾಡುವವರಿಗೆ ಈ ಬಾಟಲಿಯೇ ಬೇಡ. ಅಲ್ಲಿ ನಯ ಅಂದರೆ ಬೇರೆ ಅರ್ಥ: ಫಿಲ್ಮ್ ಮೆಟ್ಟಿಲು ಮೆಟ್ಟಿಲಾಗಿ ಬೆಳೆಯಬೇಕು, ಒಂದೊಂದು ಮೆಟ್ಟಿಲೂ ಒಂದು ಅಣು ನಿಂತಷ್ಟು, ಸುಮಾರು 1.5 ನ್ಯಾನೊಮೀಟರ್. ಅದಕ್ಕೆ ಬೇಕಾದದ್ದು ಸಿಲಿಕಾನ್ ಆಕ್ಸೈಡಿನ ನಯ, ನಿಧಾನದ ಆವಿ, ಸರಿಯಾದ ಬಿಸಿ. ಬಾಟಲಿ ಕೊಂಡು ಇಲ್ಲಿ ಉಪಯೋಗವಿಲ್ಲ.

ಬೆಂಗಳೂರಿನವರಿಗೆ ಈ ವಿದ್ಯೆ ಪರದೇಶದ್ದು ಅನ್ನಿಸಬೇಕಿಲ್ಲ. ಚಪ್ಪಟೆ ಅಣುಗಳು ನಾಣ್ಯದ ಸಾಲಿನಂತೆ ಒಂದರ ಮೇಲೊಂದು ಕೂತು ಕಂಬವಾಗುವ ಡಿಸ್ಕಾಟಿಕ್ ದ್ರವ ಹರಳನ್ನು 1977ರಲ್ಲಿ ಮೊದಲು ಕಂಡದ್ದು ಇಲ್ಲಿನ ರಾಮನ್ ಸಂಶೋಧನಾ ಸಂಸ್ಥೆಯ ಚಂದ್ರಶೇಖರ್, ಸದಾಶಿವ, ಸುರೇಶ್. ಆ ಕಂಬಗಳ ಉದ್ದಕ್ಕೂ ಕರೆಂಟ್ ಹರಿಯುತ್ತದೆ ಅಂತ ಆಮೇಲೆ ಆರ್ಗ್ಯಾನಿಕ್ ಎಲೆಕ್ಟ್ರಾನಿಕ್ಸ್‌ನವರೂ ಬಂದು ಸೇರಿಕೊಂಡರು. ಎಎಫ್‌ಎಂ ಇಲ್ಲದ ಕಾಲೇಜಿನವರು ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೊ ಕೇಂದ್ರದ ಸೌಲಭ್ಯವನ್ನು ಕೇಳಿ ನೋಡಬಹುದು, ಹೊರಗಿನವರ ಸ್ಯಾಂಪಲ್‌ಗಳಿಗೂ ಅಲ್ಲಿ ಅವಕಾಶವಿದೆ. ಕಳಿಸುವಾಗ ಹಚ್ಚಿದ ಗಾಜಿನ ಜೊತೆ ಹಚ್ಚದ ಗಾಜನ್ನೂ ಕಳಿಸಿ. ಹೋಲಿಸಲು ಏನೂ ಇಲ್ಲದೆ ಬರೀ 1.3 ಅನ್ನುವ ಅಂಕಿ ಹಿಡಿದುಕೊಂಡು ಕೂತವರನ್ನು ಬೇಕಾದಷ್ಟು ನೋಡಿದ್ದೇನೆ.

ಐದಕ್ಕೆ ನಾಲ್ಕು ಅಂಕ ಬಾಟಲಿಗೆ. ಒಂದು ಕಳೆದದ್ದು ಆಮ್ಲಕ್ಕೆ ಮತ್ತು ಮಳೆಗಾಲಕ್ಕೆ. ಡೀಲರನಿಗೆ ಒಂದು, ಬದಲಿ ಕೊಟ್ಟ ಕಾರಣಕ್ಕೆ. ಸಿಗುವುದರಲ್ಲಿ ಸಣ್ಣ ಬಾಟಲಿಯನ್ನೇ ತರಿಸಿ, ಒಂದು ಗಾಜಿಗೆ ಅರ್ಧ ಮಿಲಿಲೀಟರೂ ಖರ್ಚಾಗುವುದಿಲ್ಲ. ದೊಡ್ಡದು ತರಿಸಿ ಫ್ರಿಜ್ಜಿನಲ್ಲಿ ಹಳೆಯದಾಗಿಸಿದರೆ ಗಂಟು ಕಟ್ಟಿದ ನೀಲಿ ನೀರು ಉಳಿಯುತ್ತದೆ ಅಷ್ಟೇ. ತೆರೆದ ತಾರೀಖನ್ನು ಮುಚ್ಚಳದ ಮೇಲಲ್ಲ, ಬಾಟಲಿಯ ಮೈಮೇಲೆ ಬರೆಯಿರಿ. ಮುಚ್ಚಳಗಳು ನಮ್ಮಲ್ಲಿ ಅದಲುಬದಲಾಗುತ್ತವೆ. ಜೊತೆಗೆ ಫಿಲ್ಟರ್ ಪ್ಯಾಕೆಟನ್ನೂ ಅದೇ ಇಂಡೆಂಟಿನಲ್ಲಿ ಸೇರಿಸಿ. ಬೇರೆ ಇಂಡೆಂಟ್ ಹಾಕಿದರೆ ಅದು ಪಾಸಾಗಿ ಬರುವಷ್ಟರಲ್ಲಿ ಬಾಟಲಿಯ ಅವಧಿ ಮುಗಿದಿರುತ್ತದೆ.